ಕದ ಕಳಚಿದ ಕಿಟಕಿಗಳು

ದೆಬ್ರೆ ಬಿರ್ಹಾನ್
ಹಿದಾರ್ ೧೪

ಮುದ್ದಿನ ಮಗಳು ಸೆಬ್ಲೆಗೆ,

ನಿನ್ನ ಅಮ್ಮ ಗಟ್ಟಿಮುಟ್ಟಾಗಿದ್ದಾಳೆ, ಕೈಯಲ್ಲಿ ಸೀಮೆಸುಣ್ಣ ಇದೆ, ಬಾಯಿ ಮೊದಲಿನ ಹಾಗೇ ಇದೆ. ನೀನು ಹೇಗಿದ್ದೀಯ? ಅವಾಶ್‌ನ ಬಿಸಿಲಿಗೆ ಒಣಗಿಹೋಗಿಲ್ಲ ತಾನೇ? ಇಷ್ಟು ದಿನ ಬರೆಯದೆ ಇದ್ದದ್ದು ತಪ್ಪಾಯಿತು. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀ. ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ ನಿನಗೆ ಯಾರೋ ರೋಗಿ ಕರೆಯುತ್ತಾರೆ, ಇಟ್ಟುಬಿಡುತ್ತೀ. ಕಾಗದವಾದರೆ ಕೊನೆಯವರೆಗೂ ಕೇಳಲೇಬೇಕು. ಅದಕ್ಕೇ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ಮೊದಲು ನಿನ್ನ ಮಗಳ ಸುದ್ದಿ. ಇಲ್ಲದಿದ್ದರೆ ನೀನು ಉಳಿದದ್ದನ್ನು ಓದದೆ ಅದನ್ನೇ ಹುಡುಕುತ್ತೀ. ಲಿದೆತ್ ಚೆನ್ನಾಗಿದ್ದಾಳೆ. ಕ್ಷಯದ ಮಾತ್ರೆಗಳೆಲ್ಲ ಮುಗಿದ ಮೇಲೆ ಕೆನ್ನೆ ತುಂಬಿಕೊಂಡಿದೆ. ಇಂಜೆರಾ ಮುಂದೆ ಇಟ್ಟರೆ ಮುಖ ತಿರುಗಿಸುವುದಿಲ್ಲ, ಜೊತೆಗೆ ಬಟಾಣಿಯ ಸಾರು ಇದ್ದರೆ ಇನ್ನೊಂದು ಸಲ ಬಡಿಸಿಕೊಳ್ಳುತ್ತಾಳೆ. ರಾತ್ರಿ ಬೆವರುವುದಿಲ್ಲ. ಕೆಮ್ಮು ಇಲ್ಲವೇ ಇಲ್ಲ. ನಿನ್ನ ಷರತ್ತು ನನಗೆ ನೆನಪಿದೆ. ತಿಮ್ಕೆತ್ ಹಬ್ಬದವರೆಗೆ ಈ ಚಳಿಯನ್ನು ಅವಳು ಹಾಸಿಗೆ ಹಿಡಿಯದೆ ದಾಟಬೇಕು, ಡಾಕ್ಟರು ಎದೆ ಚೊಕ್ಕಟವಾಗಿದೆ ಎನ್ನಬೇಕು. ಹಾಗಾದರೆ ನೀನು ಶಾಲೆಯ ನಡುವರ್ಷದ ರಜೆಗೆ ಬಂದು ಅವಳನ್ನು ಕರೆದುಕೊಂಡು ಹೋಗುತ್ತೀ. ರಾತ್ರಿ ಪಾಳಿ ಮಾಡುವ ಒಂಟಿ ಹೆಂಗಸು ಕಾಯಿಲೆಯ ಮಗುವನ್ನು ನೋಡಿಕೊಳ್ಳಲಾರಳು, ಗುಣವಾದ ಮಗುವನ್ನಾದರೆ ನೋಡಿಕೊಳ್ಳಬಹುದು. ನ್ಯಾಯವಾದ ಮಾತು. ಮಗು ತಾಯಿಯ ಹತ್ತಿರವೇ ಇರಬೇಕು. ನಾನೇನೂ ಅಂದುಕೊಂಡಿಲ್ಲ. ಈ ವಿಷಯ ಇಲ್ಲಿಗೆ ಬಿಟ್ಟೆ.

ಈಗ ನನ್ನ ಕಷ್ಟ ಕೇಳು. ಶಾಲೆ ತೆರೆಯುವ ಮುಂಚೆ ಆರೋಗ್ಯ ಕಚೇರಿಯವರು ಶಾಲೆಗೊಬ್ಬರಂತೆ ಶಿಕ್ಷಕರನ್ನು ತರಬೇತಿಗೆ ಕರೆದರು. ನಮ್ಮ ಹೆಡ್‌ಮಾಸ್ಟರು ಆತೊ ಮೆಕೂರ್ಯ ಇದ್ದಾರಲ್ಲ, ಊಟ ಚೆನ್ನಾಗಿರುತ್ತದೆ, ಹೋಗಿ ಬನ್ನಿ ಎಂದು ನನ್ನನ್ನು ಕಳಿಸಿದರು. ಊಟವೂ ಚೆನ್ನಾಗಿರಲಿಲ್ಲ. ಅಲ್ಲಿ ನಿನ್ನ ವಯಸ್ಸಿನ ಒಬ್ಬಳು ಡಾಕ್ಟರು ಬಂದು ಹೇಳಿದಳು: ಮುಚ್ಚಿದ ಕೋಣೆಯಲ್ಲಿ ಒಂದು ಮಗು ಕೆಮ್ಮಿದರೆ ಕಣ್ಣಿಗೆ ಕಾಣದ ಹನಿಗಳು ಎಷ್ಟೋ ಹೊತ್ತು ಗಾಳಿಯಲ್ಲೇ ತೇಲುತ್ತವೆ, ಬೆಂಚಿನ ಮೇಲೆ ಒತ್ತೊತ್ತಾಗಿ ಕೂತ ಮಕ್ಕಳೆಲ್ಲ ಅದನ್ನೇ ಎಳೆದುಕೊಳ್ಳುತ್ತಾರೆ, ಫ್ಲೂ ಆಗಲಿ ಕ್ಷಯವಾಗಲಿ ಹೀಗೇ ಹರಡುವುದು, ಇದಕ್ಕೆ ದುಡ್ಡು ಬೇಡ, ಔಷಧಿ ಬೇಡ, ಎರಡೂ ಕಡೆಯ ಕಿಟಕಿ ತೆರೆದಿಡಿ, ಈ ಕಡೆಯಿಂದ ಬಂದ ಗಾಳಿ ಆ ಕಡೆಯಿಂದ ಹೋಗಲಿ. ಎರಡೂ ಕಡೆ ಎಂದದ್ದೇ ತಡ, ನಾವು ಶಿಕ್ಷಕರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನನ್ನ ಪಕ್ಕದಲ್ಲಿದ್ದ ಗಣಿತದ ಮೇಷ್ಟ್ರು ಆಗಲೇ ಶಾಲನ್ನು ಕಿವಿಯ ಮೇಲೆ ಎಳೆದುಕೊಂಡರು.

ನಿನಗೆ ಗೊತ್ತಲ್ಲ ನಮ್ಮ ಜನ. ಬಸ್ಸಿನಲ್ಲಿ ಬೆಂದು ಬೆವರಿದರೂ ಒಬ್ಬರೂ ಗಾಜು ಸರಿಸುವುದಿಲ್ಲ. ಎದುರುಬದುರು ಕಿಟಕಿಯ ಗಾಳಿ ಬಡಿದರೆ ಬಾಯಿ ಸೊಟ್ಟಗಾಗುತ್ತದೆ, ಕುತ್ತಿಗೆ ಹಿಡಿಯುತ್ತದೆ, ಬಾಣಂತಿಗಾದರೆ ಕೇಳುವುದೇ ಬೇಡ. ನಿನಗೆ ಹಾಲೂಡಿಸುವಾಗಲೇ ಇದನ್ನೂ ಊಡಿಸಿದ್ದೆ. ನರ್ಸಿಂಗ್ ಓದಿ ಬಂದವಳು ತುಂಬಿದ ಬಸ್ಸಿನಲ್ಲಿ ಕಿಟಕಿ ತೆರೆದು ಊರವರೆಲ್ಲರ ಕೈಲಿ ನನ್ನನ್ನು ಬೈಸಿದೆಯಲ್ಲ, ಅದನ್ನು ನಾನಿನ್ನೂ ಮರೆತಿಲ್ಲ. ನಿಜ ಹೇಳಲೇ? ಆ ಭಯ ನನಗೆ ಈಗಲೂ ಇದೆ. ಆದರೆ ಸೆಬ್ಲೆ, ಹೋದ ವರ್ಷ ನಮ್ಮ ಮೂರನೇ ತರಗತಿಯ ಕೋಣೆಯಲ್ಲಿ ಚಳಿ ಎಂದು ಕದ ಮುಚ್ಚಿ, ಸಂದಿಗೆ ಕಾಗದ ತುರುಕಿ ಕೂತಿದ್ದೆವು. ಹಿಂದಿನ ಬೆಂಚಿನಲ್ಲಿ ಕೆಮ್ಮುತ್ತಿದ್ದವನಿಂದ ಮುಂದಿನ ಬೆಂಚಿನ ಲಿದೆತ್‌ವರೆಗೆ ಆ ಪೀಡೆ ನಡೆದುಕೊಂಡು ಬಂತು. ಒಂದು ವರ್ಷದ ಪಾಠ ಹೋಯಿತು, ಮತ್ತೆ ಮೂರನೇ ತರಗತಿಯಲ್ಲೇ ಕೂತಿದ್ದಾಳೆ. ಹಾಗಾಗಿ ನಾನು ಶಿಲುಬೆಯ ಗುರುತು ಹಾಕಿಕೊಂಡು, ನೆತೆಲಾದಿಂದ ತಲೆ ಕಿವಿ ಕುತ್ತಿಗೆ ಎಲ್ಲ ಸುತ್ತಿಕೊಂಡು, ಎರಡೂ ಕಡೆಯ ಕಿಟಕಿ ತೆರೆದೆ.

ನಾನು ತೆರೆದೆ, ಕಾವಲುಗಾರ ಗಾಶೆ ಡೆಮಿಸೆವ್ ಮುಚ್ಚಿದ. ಆಟದ ಹೊತ್ತಿನಲ್ಲಿ ಬಂದು ಮೆಲ್ಲಗೆ ಮುಚ್ಚಿ ಹೋಗುತ್ತಾನೆ. ಕೇಳಿದರೆ ತಾನು ಸೈನ್ಯದಲ್ಲಿ ಗುಂಡಿಗೆ ಎದೆ ಕೊಟ್ಟವನು, ಆದರೆ ಕಿಟಕಿಯ ಗಾಳಿಗೆ ಬೆನ್ನು ಕೊಟ್ಟವನಲ್ಲ ಎನ್ನುತ್ತಾನೆ. ಒಂದು ವಾರ ಹೀಗೇ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಬಂದು ನೋಡಿದರೆ ಉತ್ತರದ ಕಡೆಯ ಕದಗಳಿಗೆಲ್ಲ ಮೊಳೆ ಹೊಡೆದಿದ್ದಾನೆ. ಮಕ್ಕಳ ಮೇಲಿನ ಪ್ರೀತಿಯಿಂದಲೇ ಹೊಡೆದದ್ದು, ಬೈಯುವುದಕ್ಕೂ ಬಾಯಿ ಬರಲಿಲ್ಲ. ಬಡಗಿಯ ಹತ್ತಿರ ಇಕ್ಕಳ ಇಸಿದುಕೊಂಡು ನಾನೇ ಮೊಳೆ ಕಿತ್ತೆ. ಮೊಳೆ ಕೀಳುವಾಗ ಇಡೀ ತರಗತಿ ನನಗೆ ಲೆಕ್ಕ ಹೇಳಿ ಹುರಿದುಂಬಿಸಿತು. ಆ ದಿನದ ಗಣಿತದ ಪಾಠ ಅದೇ ಆಯಿತು.

ಮೊಳೆ ಕಿತ್ತ ಮರುದಿನವೇ ಹಿದಾರ್ ಹನ್ನೆರಡು ಬರಬೇಕೇ? ಮುತ್ತಜ್ಜಿಯ ಕಾಲದ ಮಹಾಜ್ವರವನ್ನು ಓಡಿಸಲು ಹಚ್ಚಿದ ಬೆಂಕಿಯನ್ನು ನಮ್ಮ ಜನ ಪ್ರತಿ ವರ್ಷ ಅದೇ ದಿನ ಹಚ್ಚುತ್ತಲೇ ಇದ್ದಾರೆ. ಬೆಳಗಾಗುತ್ತಿದ್ದಂತೆ ಮನೆಮನೆಯ ಮುಂದೆ ಕಸದ ರಾಶಿ, ರಾಶಿಗೆ ಬೆಂಕಿ, ಊರೆಲ್ಲ ಹೊಗೆ. ಶಾಲೆಯ ಗೋಡೆಗೆ ಅಂಟಿಕೊಂಡೇ ವೈಝೆರೊ ಬೊಗಾಲೆಚ್ ಮನೆ, ಮನೆಯಲ್ಲೇ ತೆಲ್ಲಾ ಹೆಂಡ ಕಾಸಿ ಮಾರುತ್ತಾಳಲ್ಲ ಅವಳದು. ಅವಳ ಮಗ ನತ್ನಾಯೆಲ್ ನನ್ನ ತರಗತಿಯಲ್ಲೇ ಇದ್ದಾನೆ. ಅವಳ ರಾಶಿಯಲ್ಲಿ ಹಳೆ ಚಪ್ಪಲಿ, ಕೋಳಿ ಪುಕ್ಕ, ಹರಿದ ಪ್ಲಾಸ್ಟಿಕ್ಕು ಎಲ್ಲ ಇತ್ತು. ಅಂದು ಗಾಳಿ ಎಂಬುದು ಒಂದು ಎಲೆಯನ್ನೂ ಅಲ್ಲಾಡಿಸಲಿಲ್ಲ. ಹೊಗೆ ನನ್ನ ಉತ್ತರದ ಕಿಟಕಿಯಿಂದ ಒಳಗೆ ಬಂತು, ದಕ್ಷಿಣದ ಕಿಟಕಿಯಿಂದ ಹೋಗಲೇ ಇಲ್ಲ. ಕೂತಲ್ಲೇ ಕೂತಿತು.

ಸರಿಯಾಗಿ ಆ ಹೊತ್ತಿಗೆ ಆತೊ ಮೆಕೂರ್ಯ ಶಿಕ್ಷಣ ಕಚೇರಿಯ ಅಧಿಕಾರಿಯೊಬ್ಬರನ್ನು ಕರೆದುಕೊಂಡು, ಇಲ್ಲೇ ನೋಡಿ ಕಿಟಕಿ ತೆರೆದಿಟ್ಟ ನಮ್ಮ ಮಾದರಿ ಕೋಣೆ ಎಂದು ಬಾಗಿಲಿಗೆ ಬಂದರು. ಒಳಗೆ ಇಡೀ ತರಗತಿ ಕೆಮ್ಮುತ್ತಿದೆ, ನಾನು ಹಲಗೆ ಹಿಡಿದುಕೊಂಡು ಕೆಮ್ಮುತ್ತಿದ್ದೇನೆ, ಕಣ್ಣಲ್ಲಿ ನೀರು. ಅಧಿಕಾರಿ ಕರವಸ್ತ್ರ ಮೂಗಿಗೆ ಹಿಡಿದು ಕೇಳಿದರು, "ಕೆಮ್ಮು ಕಡಿಮೆ ಮಾಡೋ ತರಗತಿ ಇದೇನಾ?"

ಹೆಡ್‌ಮಾಸ್ಟರ ಮುಖ ನೋಡಬೇಕಿತ್ತು ನೀನು. ತಂದೆತಾಯಂದಿರ ಸಭೆ ಕರೆಯುತ್ತೇನೆ, ಅವರು ಒಪ್ಪಿದರೆ ತೆರೆಯಿರಿ, ಒಪ್ಪದಿದ್ದರೆ ಈ ಹುಚ್ಚು ಇಲ್ಲಿಗೆ ನಿಲ್ಲಬೇಕು, ಅಲ್ಲಿಯವರೆಗೆ ಕಿಟಕಿ ಮುಚ್ಚಿಯೇ ಇರಲಿ ಎಂದರು. ಮುಚ್ಚಿದೆ. ಮುಚ್ಚಿದ ಕೋಣೆಯಲ್ಲಿ ಲಿದೆತ್‌ಳನ್ನು ಬಾಗಿಲ ಪಕ್ಕ ಕೂರಿಸಿಕೊಂಡಿದ್ದೇನೆ. ಯಾವ ಮಗು ಸೀನಿದರೂ ಮೊದಲು ಅವಳ ಕಡೆ ತಿರುಗಿ ನೋಡುತ್ತೇನೆ. ಗೆಲ್ಲುವ ಹಾಗೆ ಹರಸಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವಮಾತೆ ನಿನ್ನ ಮೇಲೆ ಕೈಯಿಟ್ಟಿರಲಿ.

ನಿನ್ನ ಅಮ್ಮ
ತಿರುವರ್ಕ್

ಕಾಗದ ಮಡಿಸಿದ ಮೇಲೆ ನೆನಪಾಯಿತು: ಅವಾಶ್‌ನಲ್ಲಿ ಶಾಲೆ ನಿನ್ನ ಮನೆಯಿಂದ ಎಷ್ಟು ದೂರ, ಯಾರು ಕರೆದುಕೊಂಡು ಹೋಗಿ ಬರುತ್ತಾರೆ, ನೀನು ಬರೆದಿಲ್ಲ. ಸುಮ್ಮನೆ ಕೇಳಿದೆ.


ದೆಬ್ರೆ ಬಿರ್ಹಾನ್
ತಹ್ಸಾಸ್ ೯

ನನ್ನ ಬಂಗಾರ ಸೆಬ್ಲೆ,

ನಿನ್ನ ಕಾಗದ, ಖರ್ಜೂರದ ಪೊಟ್ಟಣ ಎರಡೂ ತಲುಪಿದವು. ತಡವಾಗಿ ಉತ್ತರಿಸುತ್ತಿರುವುದಕ್ಕೆ ಕಾರಣ ನನ್ನ ಕುತ್ತಿಗೆ. ನಗಬೇಡ, ಹೇಳುತ್ತೇನೆ. ಲಿದೆತ್ ಆರೋಗ್ಯವಾಗಿದ್ದಾಳೆ, ಖರ್ಜೂರವನ್ನು ಮುಚ್ಚಿಟ್ಟು ತಿನ್ನುತ್ತಾಳೆ, ನನಗೆ ಒಂದು ಕೊಟ್ಟಳು.

ಸಭೆ ಇದ್ದದ್ದು ಭಾನುವಾರ, ಚರ್ಚು ಮುಗಿದ ಮೇಲೆ. ಶನಿವಾರ ಮಲಗಿ ಎದ್ದವಳಿಗೆ ಕುತ್ತಿಗೆ ಹಿಡಿದುಕೊಂಡಿದೆ. ಬಲಕ್ಕೂ ತಿರುಗದು, ಎಡಕ್ಕೂ ತಿರುಗದು. ಯೋಚಿಸು ನನ್ನ ಗತಿ. ಕಿಟಕಿಯ ಗಾಳಿಯಿಂದ ಏನೂ ಆಗುವುದಿಲ್ಲ ಎಂದು ಊರಿಗೆಲ್ಲ ಸಾರುವ ದಿನ ನಾನು ಮರದ ಗೊಂಬೆಯಂತೆ ನಿಂತಿದ್ದೇನೆ. ನೆತೆಲಾವನ್ನು ಗಲ್ಲದವರೆಗೆ ಸುತ್ತಿಕೊಂಡು, ಗಂಭೀರವಾಗಿ, ಸೈನಿಕರ ಮೆರವಣಿಗೆಯಲ್ಲಿ ನಡೆದ ಹಾಗೆ ನಡೆದು ಹೋದೆ. ಯಾರಾದರೂ ಪಕ್ಕದಿಂದ ಮಾತಾಡಿಸಿದರೆ ಇಡೀ ಮೈ ತಿರುಗಿಸಿ ನಮಸ್ಕಾರ ಹೇಳಿದೆ. ಟೀಚರಮ್ಮನಿಗೆ ಈಚೆಗೆ ಗತ್ತು ಬಂದಿದೆ ಎಂದು ಒಬ್ಬರು ಹಿಂದಿನಿಂದ ಹೇಳಿದ್ದು ಕೇಳಿಸಿತು. ಗತ್ತೇ ಇರಲಿ ಎಂದು ಸುಮ್ಮನಾದೆ.

ಕೋಣೆ ತುಂಬ ಜನ. ಮೊದಲ ಸಾಲಿನಲ್ಲಿ ಬೊಗಾಲೆಚ್. ನಾನು ಆ ಡಾಕ್ಟರು ಹೇಳಿಕೊಟ್ಟದ್ದನ್ನು ನಮ್ಮ ರೀತಿಯಲ್ಲಿ ತೋರಿಸುತ್ತೇನೆ ಎಂದು ಮನೆಯಿಂದ ಕೆಂಡ, ಧೂಪ ತಂದಿದ್ದೆ. ಕದಗಳನ್ನೆಲ್ಲ ಮುಚ್ಚಿಸಿ ಕೆಂಡದ ಮೇಲೆ ಧೂಪ ಹಾಕಿದೆ. ಇದು ಒಂದು ಮಗುವಿನ ಕೆಮ್ಮು ಎಂದುಕೊಳ್ಳಿ, ಎಲ್ಲಿಗೆ ಹೋಗುತ್ತದೆ ನೋಡಿ ಎಂದೆ. ಹೊಗೆ ಎದ್ದು ಎಲ್ಲರ ತಲೆಯ ಮೇಲೆ ತೇಲುತ್ತಾ ನಿಂತಿತು, ಒಬ್ಬೊಬ್ಬರ ಮೂಗಿಗೂ ಹೋಯಿತು. ಆಮೇಲೆ ಎರಡೂ ಕಡೆ ತೆರೆಸಿದೆ. ಅಂದು ಗಾಳಿ ನನ್ನ ಮಾತು ಕೇಳಿತು, ನೋಡನೋಡುತ್ತಿದ್ದಂತೆ ಹೊಗೆಯೆಲ್ಲ ಹೊರಗೆ. ನಾನು ಗೆದ್ದೆ ಎಂದುಕೊಂಡೆ. ಜನ ಏನು ಹೇಳಿದರು ಗೊತ್ತೇ? ಇಷ್ಟು ಒಳ್ಳೆಯ ಧೂಪ ಎಲ್ಲಿ ಸಿಕ್ಕಿತು, ಸುಮ್ಮನೆ ಹೊರಗೆ ಬಿಟ್ಟಿರಲ್ಲ, ಧೂಪ ಹಾಕಿದ ಮೇಲೆ ಕಾಫಿ ಎಲ್ಲಿ ಎಂದು ಕೇಳಿದರು. ಧೂಪ ಹಾಕಿ ಕಾಫಿ ಕೊಡದೆ ಕಳಿಸುವ ಮನೆ ಎಲ್ಲಾದರೂ ಉಂಟೇ? ತಪ್ಪು ನನ್ನದೇ.

ಆಗ ಬೊಗಾಲೆಚ್ ಎದ್ದು ನಿಂತಳು. ಅವಳ ಕಣ್ಣು ನನ್ನ ಕುತ್ತಿಗೆಯ ಮೇಲೇ ಇತ್ತು.

"ಟೀಚರಮ್ಮ, ಒಂಚೂರು ಈ ಕಡೆ ತಿರುಗಿ ನೋಡಿ."

ನಾನು ಪಾದದಿಂದ ಹಿಡಿದು ಇಡೀ ಮೈ ತಿರುಗಿಸಿದೆ.

"ಹಾಗಲ್ಲ. ಬರೀ ತಲೆ ತಿರುಗಿಸಿ."

ಆಗಲಿಲ್ಲ. ಬೊಗಾಲೆಚ್ ಸಭೆಯ ಕಡೆ ನೋಡಿದಳು. ಇನ್ನೇನು ಹೇಳಬೇಕು, ಕಿಟಕಿ ತೆರೆದವಳಿಗೇ ಗಾಳಿ ಬಡಿದಿದೆ, ನಾಳೆ ನಮ್ಮ ಮಕ್ಕಳ ಬಾಯಿ ಕಿವಿಗೆ ಹೋಗುತ್ತದೆ ಎಂದಳು. ಗದ್ದಲವಾಯಿತು. ಆತೊ ಮೆಕೂರ್ಯ ಆಗಲೇ ಮುಗಿಸುವ ಮಾತು ಶುರು ಮಾಡಿದ್ದರು. ಹಿದಾರ್ ಹನ್ನೆರಡರಿಂದ ಶಾಲೆಯ ಕಿಟಕಿ ಮುಚ್ಚಿಯೇ ಇದೆ, ಕುತ್ತಿಗೆ ಹಿಡಿದದ್ದು ನನ್ನ ಮನೆಯ ಹಾಸಿಗೆಯಲ್ಲಿ ಎಂದು ಹೇಳೋಣವೆಂದರೆ ನನ್ನ ಮಾತು ಯಾರ ಕಿವಿಗೂ ಬೀಳುತ್ತಿಲ್ಲ. ಅಷ್ಟರಲ್ಲಿ ಬಾಗಿಲ ಹತ್ತಿರ ಕೂತಿದ್ದ ನಿನ್ನ ಮಗಳು ಬೆಂಚಿನ ಮೇಲೆ ಹತ್ತಿ ನಿಂತಳು.

"ನಮ್ಮಜ್ಜಿಗೆ ಹೊರಗಿನ ಗಾಳಿ ಬಡಿಯೋದಿಲ್ಲ. ಮನೇಲಿ ಎಲ್ಲ ಮುಚ್ಕೊಂಡು ಮಲಗ್ತಾಳೆ. ಕೀಲಿ ತೂತಿಗೂ ಬಟ್ಟೆ ತುರುಕ್ತಾಳೆ."

ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಮೊದಲು ಗಾಶೆ ಡೆಮಿಸೆವ್ ನಕ್ಕ, ಅವನ ಹಿಂದೆ ಇಡೀ ಕೋಣೆ ನಕ್ಕಿತು. ಬೊಗಾಲೆಚ್ ಕೂತು ಹೊಟ್ಟೆ ಹಿಡಿದುಕೊಂಡಳು. ನಾನೂ ನಕ್ಕೆ, ಕುತ್ತಿಗೆ ನೋಯಿತು. ಮರ್ಯಾದೆ ಹೇಗೂ ಹೋಗಿತ್ತು, ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಿಮ್ಮಷ್ಟೇ ನನಗೂ ಭಯ, ಕಿಟಕಿ ತೆರೆಯುವಾಗ ನಾನೂ ಕಿವಿ ಮುಚ್ಚಿಕೊಳ್ಳುತ್ತೇನೆ. ಆದರೆ ಹೋದ ವರ್ಷ ಇದೇ ಕೋಣೆಯಲ್ಲಿ, ಎಲ್ಲ ಮುಚ್ಚಿಕೊಂಡು ಬೆಚ್ಚಗೆ ಕೂತಾಗಲೇ ಈ ಮಗುವಿಗೆ ಕ್ಷಯ ಅಂಟಿತು. ದಿನಾ ಬೆಳಿಗ್ಗೆ ಇವಳ ಬಾಯಿಗೆ ಮಾತ್ರೆ ಹಾಕಿ ನುಂಗುವವರೆಗೆ ಗಂಟಲು ನೋಡುತ್ತಾ ಕೂತಿದ್ದೆ. ಸೊಟ್ಟ ಬಾಯಿಯಾದರೂ ಆಗಲಿ, ಮಗು ಉಸಿರಾಡಿಕೊಂಡಿದ್ದರೆ ಸಾಕು ಎನ್ನಿಸಿದೆ ನನಗೆ. ಇಷ್ಟು ಹೇಳಿ ಕೂತೆ.

ಆಗ ಮೂಲೆಯಲ್ಲಿದ್ದ ಅಬ್ಬಾ ಕಿನ್ಫೆ, ನಮ್ಮ ಬೀದಿಯ ಪಾದ್ರಿಗಳು, ಗಂಟಲು ಸರಿಮಾಡಿಕೊಂಡರು. ಅವರ ಮೊಮ್ಮಗಳೂ ಮೂರನೇ ತರಗತಿ. ತಾವು ಚಿಕ್ಕವರಾಗಿದ್ದಾಗ ಕುರಿಚರ್ಮ ಹೊದ್ದು, ಮರದ ಕೆಳಗೆ ಕೂತು, ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿರುವಾಗ ಕೀರ್ತನೆಗಳನ್ನು ಬಾಯಿಪಾಠ ಮಾಡಿದ್ದಾಗಿ ಹೇಳಿದರು. ನನ್ನ ಬಾಯಿ ಸೊಟ್ಟಗಿದೆಯೇ ನೋಡಿ ಎಂದು ಗಡ್ಡ ಸರಿಸಿ ತೋರಿಸಿದರು. ಬೊಗಾಲೆಚ್ ಬಿಡುವವಳೇ?

"ಅದು ಬಯಲು ಗಾಳಿ, ಅಬ್ಬಾ. ಬಯಲು ಗಾಳಿ ಏನೂ ಮಾಡಲ್ಲ. ಕಿಟಕಿ ಗಾಳಿನೇ ಬೇರೆ."

ಸಭೆಯೆಲ್ಲ ಹೌದೌದು ಎಂದಿತು. ನಾಚಿಕೆಯ ಮಾತೆಂದರೆ ನಾನೂ ಹೌದೆಂದೆ, ಅಭ್ಯಾಸಬಲ. ಅಬ್ಬಾ ಕಿನ್ಫೆ ಕಣ್ಣು ಮುಚ್ಚಿದರು. ಮಲಗಿಬಿಟ್ಟರೇನೋ ಎನ್ನುವಷ್ಟು ಹೊತ್ತು ಯೋಚಿಸಿದರು.

"ಹಾಗಾದ್ರೆ ತಪ್ಪು ಗಾಳೀದಲ್ಲ, ಕಿಟಕೀದು," ಎಂದರು. "ಅದನ್ನ ಕಿಟಕಿ ಅಂತ ಯಾಕೆ ಅಂತೀವಿ? ತೆಗೆದು ಮುಚ್ಚೋಕೆ ಕದ ಇದೆ ಅಂತ. ಕದ ಕಳಚಿ ಹಾಕಿ. ಆಮೇಲೆ ಅದು ಕಿಟಕಿ ಹೇಗಾಗುತ್ತೆ? ಗೋಡೆಯೊಳಗೆ ಬಂದಿರೋ ಬಯಲು."

ನಾನು ಮೂವತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ, ಇಂಥ ತರ್ಕ ಕೇಳಿರಲಿಲ್ಲ. ಆದರೆ ಸಭೆಗೆ ಅದು ಬೆಣ್ಣೆಯ ಹಾಗೆ ಇಳಿಯಿತು. ಬೊಗಾಲೆಚ್ ಕೂಡ ತಲೆದೂಗಿದಳು, ಬಯಲಾದರೆ ತನ್ನದೇನೂ ಅಡ್ಡಿಯಿಲ್ಲ, ಮಕ್ಕಳು ಬಯಲಲ್ಲಿ ಆಡುವುದಿಲ್ಲವೇ ಎಂದಳು. ಮಳೆ ಬಂದರೆ ಏನು ಗತಿ ಎಂದು ಹೆಡ್‌ಮಾಸ್ಟರು ಕೇಳಿದರು. ಮಳೆಗಾಲಕ್ಕೆ ಕದ ಮತ್ತೆ ಸಿಕ್ಕಿಸಿ, ಮುಕ್ಕಾಲು ಮುಚ್ಚಿ, ಕಾಲುಭಾಗ ಬಿಡಿ ಎಂದರು ಅಬ್ಬಾ. ಕಾಲುಭಾಗ ಏನಾಗುತ್ತದೆ, ಕಿಟಕಿಯೋ ಬಯಲೋ ಎಂದು ಯಾರೋ ಕೇಳಿದ್ದಕ್ಕೆ, ಮಳೆ ಬಂದಾಗ ಹೇಳುತ್ತೇನೆ ಎಂದು ಎದ್ದುಬಿಟ್ಟರು.

ಅಂದೇ ಸಂಜೆಯೊಳಗೆ ಕದಗಳು ಕಳಚಿದವು. ಮೊಳೆ ಹೊಡೆದ ಗಾಶೆ ಡೆಮಿಸೆವ್‌ನೇ ಕೀಲು ಕಳಚಿದ. ಅಬ್ಬಾ ಬಂದು ಪ್ರತಿಯೊಂದು ತೆರಪಿಗೂ ತೀರ್ಥ ಚಿಮುಕಿಸಿದರು. ಮಕ್ಕಳು ಮನೆಯಿಂದ ಗಾಬಿ ತಂದು ಹೊದ್ದು ಕೂರುತ್ತಾರೆ. ದಪ್ಪ ಬಿಳಿ ಹೊದಿಕೆಯೊಳಗೆ ಸಾಲುಸಾಲು ತಲೆಗಳು. ಬಾಗಿಲಲ್ಲಿ ಇಣುಕಿದವರು ಯಾರೋ ತೀರಿಕೊಂಡಿದ್ದಾರೆಂದು ದನಿ ತಗ್ಗಿಸುತ್ತಾರೆ. ಸಮವಸ್ತ್ರ ಕಾಣುತ್ತಿಲ್ಲ ಎಂದು ಹೆಡ್‌ಮಾಸ್ಟರು ಗೊಣಗಿದರು. ಬಯಲಿನಲ್ಲಿ ಸಮವಸ್ತ್ರದ ನಿಯಮ ಇಲ್ಲ ಎಂದೆ. ನನಗೂ ತರ್ಕ ಬರುತ್ತದೆ.

ಉಪವಾಸದ ದಿನಗಳು, ನೀನು ಬರೀ ಚಹಾ ಕುಡಿದು ಪಾಳಿ ಮಾಡಬೇಡ. ದೇವರು ನಿನ್ನ ಕೈಗುಣ ಹೆಚ್ಚಿಸಲಿ.

ನಿನ್ನ ಅಮ್ಮ
ತಿರುವರ್ಕ್

ಮಡಿಸಿದ ಮೇಲೆ ನೆನಪಾದದ್ದು: ಶಾಲೆ ರೈಲು ಹಳಿಯ ಆಚೆ ಇದೆ ಎಂದು ಬರೆದಿದ್ದೀ. ಮಗು ಹಳಿ ದಾಟಬೇಕೇ? ನಾನೇನೂ ಬೇಡ ಎನ್ನುತ್ತಿಲ್ಲ. ಹಳಿ ದಾಟಬೇಕೇ ಎಂದಷ್ಟೇ ಕೇಳಿದೆ.


ದೆಬ್ರೆ ಬಿರ್ಹಾನ್
ತಿರ್ ೨೦

ಸೆಬ್ಲೆ ಕಂದಾ,

ಹಬ್ಬ ಚೆನ್ನಾಗಿ ಆಯಿತೇ? ತಿಮ್ಕೆತ್ ಕಳೆದು ಇಷ್ಟು ದಿನವಾದರೂ ಅಮ್ಮನ ಕಾಗದ ಇಲ್ಲವಲ್ಲ ಎಂದು ನೀನು ಬೈದುಕೊಂಡಿರುತ್ತೀ. ಬರೆಯಲು ಕೂತಾಗಲೆಲ್ಲ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಕ್ಷಮಿಸು.

ಚಳಿ ಈ ಸಲ ಹೇಗಿತ್ತು ಗೊತ್ತೇ, ಬೆಳಿಗ್ಗೆ ಬಕೆಟ್ಟಿನ ನೀರಿನ ಮೇಲೆ ಕೆನೆ ಕಟ್ಟಿದ ಹಾಗೆ ಮಂಜುಗಡ್ಡೆ. ಮೊದಲೆರಡು ಪಾಠ ಮಕ್ಕಳು ಬರೆಯುವುದಿಲ್ಲ, ಬೆರಳು ಮಡಚುವುದಿಲ್ಲ. ಆ ಹೊತ್ತಿನಲ್ಲಿ ಮಗ್ಗಿ ಹೇಳಿಸುತ್ತೇನೆ, ನಿಂತು ಕುಣಿಸುತ್ತೇನೆ, ಬಿಸಿಲು ಒಳಗೆ ಬಂದ ಮೇಲೆ ಪುಸ್ತಕ ತೆಗೆಸುತ್ತೇನೆ. ಮಗ್ಗಿಯನ್ನು ಈ ವರ್ಷ ನನ್ನ ತರಗತಿಯಷ್ಟು ಚೆನ್ನಾಗಿ ಯಾರೂ ಹೇಳುವುದಿಲ್ಲ. ನೆಗಡಿ ಯಾರಿಗೂ ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ನತ್ನಾಯೆಲ್‌ಗೆ ಬಂತು, ಅಬ್ಬಾರ ಮೊಮ್ಮಗಳಿಗೆ ಬಂತು. ಆದರೆ ಒಬ್ಬರಿಂದ ಒಬ್ಬರಿಗೆ ಹತ್ತಿ ಇಡೀ ಬೆಂಚು ಮಲಗುವ ಆ ಹಳೆಯ ಜಾತ್ರೆ ನಡೆಯಲಿಲ್ಲ. ಪಕ್ಕದ ನಾಲ್ಕನೇ ತರಗತಿ ಕದ ಮುಚ್ಚಿಕೊಂಡು ಕೂತಿತ್ತು, ಗೆನ್ನಾ ಹಬ್ಬದ ಮುಂಚೆ ಅಲ್ಲಿ ಅರ್ಧ ಬೆಂಚು ಖಾಲಿ. ಈಗ ಅವರ ತಂದೆತಾಯಂದಿರೂ ಅಬ್ಬಾರ ಹತ್ತಿರ ಹೋಗಿ, ನಮ್ಮ ಕೋಣೆಯನ್ನೂ ಬಯಲು ಮಾಡಿಕೊಡಿ ಎನ್ನುತ್ತಿದ್ದಾರೆ.

ಇದರ ಕೀರ್ತಿ ಯಾರಿಗೆ ಹೋಯಿತು ಎಂದು ಕೇಳು. ಬೊಗಾಲೆಚ್ ಹೇಳುವ ಪ್ರಕಾರ ಅದು ಅವಳು ಬೆಳಿಗ್ಗೆ ಮಕ್ಕಳಿಗೆ ಮೂಸಲು ಕೊಡುತ್ತಿದ್ದ ದಮಾಕೆಸೆ ಸೊಪ್ಪಿನ ಮಹಿಮೆ. ಅಬ್ಬಾ ಕಿನ್ಫೆ ತೀರ್ಥ ಎನ್ನುತ್ತಾರೆ. ಹೋದ ವಾರ ಅದೇ ಅಧಿಕಾರಿ ಮತ್ತೆ ಬಂದರು. ಈ ಸಲ ಹೊಗೆಯಿಲ್ಲ, ಕೆಮ್ಮಿಲ್ಲ, ಬಿಳಿ ಗಾಬಿಯೊಳಗಿಂದ ಮಕ್ಕಳು ಒಂದೇ ದನಿಯಲ್ಲಿ ನಮಸ್ಕಾರ ಹೇಳಿದವು. ಅವರು ಸುಮಾರು ಹೊತ್ತು ನಿಂತು ನೋಡಿ, ಕಿಟಕಿಗಳೆಲ್ಲಿ ಎಂದು ಕೇಳಿದರು. ಆತೊ ಮೆಕೂರ್ಯ ಎದೆಯುಬ್ಬಿಸಿ, ಇದು ನಾನೇ ಯೋಚಿಸಿ ಮಾಡಿದ ಏರ್ಪಾಡು ಎಂದರು. ನಾನು ಹಲಗೆಯ ಕಡೆ ತಿರುಗಿಕೊಂಡೆ, ಈಗ ಕುತ್ತಿಗೆ ಚೆನ್ನಾಗಿ ತಿರುಗುತ್ತದೆ. ಕದಗಳು ಗಾಶೆ ಡೆಮಿಸೆವ್‌ನ ಗುಡಿಸಲಿನಲ್ಲಿವೆ. ಅವನ್ನೇ ಜೋಡಿಸಿ ಮಂಚ ಮಾಡಿಕೊಂಡು ಮಲಗುತ್ತಾನೆ. ಮಳೆಗಾಲದಲ್ಲಿ ವಾಪಸು ಕೇಳಿದರೆ ಏನು ಜಗಳ ಮಾಡುತ್ತಾನೋ.

ಈಗ ನೀನು ಕಾಯುತ್ತಿರುವ ಸುದ್ದಿ. ಮೊನ್ನೆ ಲಿದೆತ್‌ಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ತೂಕ ನೋಡಿದರು, ಎಕ್ಸ್‌ರೇ ತೆಗೆದರು. ಡಾಕ್ಟರು ಆ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡುವಾಗ ಏನು ಬೇಡಿಕೊಳ್ಳಬೇಕು ಎಂದೇ ತಿಳಿಯದೆ ಸುಮ್ಮನೆ ದೇವಮಾತೆಯ ಹೆಸರು ಹೇಳುತ್ತಿದ್ದೆ. ಅವರು ನಕ್ಕು, "ಎದೆ ಪೂರ್ತಿ ಚೊಕ್ಕಟವಾಗಿದೆ. ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗಿ," ಎಂದರು. ನಾನು ಅತ್ತೆ. ಸಂತೋಷಕ್ಕೆ ಎಂದುಕೊಂಡು ಅವರು ನೀರು ತರಿಸಿದರು. ಸಂತೋಷಕ್ಕೂ ಹೌದು.

ಹಾಗಾಗಿ ನೀನು ಗೆದ್ದೆ, ಮಗಳೇ. ನಾನೂ ಗೆದ್ದೆ. ಯೆಕಾತಿತ್ ತಿಂಗಳ ಮೊದಲ ವಾರ ರಜೆ ಶುರು, ಬಾ. ಅವಳ ಬಟ್ಟೆಗಳನ್ನೆಲ್ಲ ಒಗೆದಿಟ್ಟಿದ್ದೇನೆ. ಶಾಲೆಯ ವರ್ಗಾವಣೆ ಪತ್ರಕ್ಕೆ ಹೆಡ್‌ಮಾಸ್ಟರ ಸಹಿ ಆಗಿದೆ. ಹಳಿ ದಾಟಿಸಲು ಪಕ್ಕದ ಮನೆಯ ಹುಡುಗಿ ಇದ್ದಾಳೆ ಎಂದು ನೀನು ಬರೆದ ಮೇಲೆ ನನಗೆ ಯೋಚನೆಯಿಲ್ಲ. ನನ್ನ ಬಗ್ಗೆ ನೀನು ಚಿಂತೆ ಮಾಡಬೇಡ. ನನಗೆ ಕೋಣೆ ತುಂಬ ಮಕ್ಕಳಿದ್ದಾರೆ, ಬೊಗಾಲೆಚ್ ಇದ್ದಾಳೆ, ಜಗಳಕ್ಕೆ ಕೊರತೆಯಿಲ್ಲ. ಲಿದೆತ್‌ಗೆ ರಾತ್ರಿ ಕಥೆ ಹೇಳದಿದ್ದರೆ ನಿದ್ದೆ ಬರುವುದಿಲ್ಲ, ಪಾಳಿಯ ದಿನ ಹೊರಡುವ ಮುಂಚೆಯೇ ಹೇಳಿಬಿಡು. ಜಡೆ ಬಿಗಿಯಾಗಿ ಹೆಣೆಯಬೇಡ, ನೆತ್ತಿ ನೋಯುತ್ತದೆ ಎನ್ನುತ್ತಾಳೆ. ತಾಯಿ ಮಗಳಿಬ್ಬರೂ ನೂರು ವರ್ಷ ಬಾಳಿ, ಎದೆ ತುಂಬ ಉಸಿರಾಡಿ.

ನಿನ್ನ ಅಮ್ಮ
ತಿರುವರ್ಕ್

ಮಡಿಸಿದ್ದನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ: ನೀನು ಬಂದಾಗ ಲಿದೆತ್ ಕೆಮ್ಮಿದರೆ ಹೆದರಬೇಡ. ಅದು ಸುಳ್ಳು ಕೆಮ್ಮು. ಎಕ್ಸ್‌ರೇ ತೆಗೆಸಿ ಬಂದ ದಿನದಿಂದ ಹಿತ್ತಲಲ್ಲಿ ನಿಂತು ಅಭ್ಯಾಸ ಮಾಡುತ್ತಿದ್ದಾಳೆ. ಮೊದಲ ಸಲ ಕೇಳಿಸಿದಾಗ ಒಲೆಯ ಮೇಲಿದ್ದದ್ದನ್ನು ಹಾಗೇ ಬಿಟ್ಟು ಓಡಿದೆ. ನನ್ನನ್ನು ನೋಡಿ, "ಕೆಮ್ಮಿದ್ರೆ ಅಮ್ಮ ನನ್ನ ಇಲ್ಲೇ ಬಿಟ್ಟು ಹೋಗ್ತಾಳಾ ಅಜ್ಜಿ?" ಎಂದು ಕೇಳಿದಳು. ಬೈಯಬೇಕಿತ್ತು. ತಾಯಿಗೆ ಹೀಗೆ ಮಾಡುತ್ತಾರೆಯೇ ಎಂದು ಬುದ್ಧಿ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ. "ಗಂಟಲಿಂದ ಕೆಮ್ಮಿದ್ರೆ ನಿಮ್ಮಮ್ಮ ನಂಬಲ್ಲ, ಅವಳು ನರ್ಸು. ಎದೆಯಿಂದ ಕೆಮ್ಮು," ಎಂದೆ. ಹೇಗೆ ಎಂದು ತೋರಿಸಿಯೂ ಕೊಟ್ಟೆ, ಸೆಬ್ಲೆ. ಜಾಣೆ, ಬೇಗ ಕಲಿತಳು. ಈಗ ನನಗೇ ಗುರುತು ಹತ್ತದಷ್ಟು ಚೆನ್ನಾಗಿ ಕೆಮ್ಮುತ್ತಾಳೆ. ನೀನು ನಂಬಬೇಡ, ಕರೆದುಕೊಂಡು ಹೋಗು.